ಎರಡನೇ ಪೈಪಿನ ಪರಿಮಳ

ಅಲ್ ಖೋಬರ್
25 ಮಾರ್ಚ್ 1994, ಶುಕ್ರವಾರ

ಪ್ರಿಯ ನೋಣಯ,

ಮೊಹಿದ್ದೀನ್ ಊರಿನ ರಜೆ ಮುಗಿಸಿ ಬಂದ. ನೀನು ಮಾಡಿ ಕೊಟ್ಟ ಸೇದುವ ಪೈಪನ್ನು ದಮ್ಮಾಮಿನಿಂದ ತಾನೇ ಕಾರಿನಲ್ಲಿ ತಂದುಕೊಟ್ಟು, ಎರಡು ಲೋಟ ಚಹಾ ಕುಡಿದು, ನಿನ್ನ ಲೇತಿನ ಗುಣಗಾನ ಮಾಡಿ ಹೋದ. ಹುಣಸೆಯ ಬೇರನ್ನು ಇಷ್ಟು ನುಣ್ಣಗೆ ಕಡೆಯಬಹುದು ಎಂದು ನಾನು ಎಣಿಸಿರಲಿಲ್ಲ. ಫೌಂಡ್ರಿಯಲ್ಲಿ ಆರು ವರ್ಷ ಒಂದೇ ಬೆಂಚಿನಲ್ಲಿ ನಿನ್ನ ಪಕ್ಕ ನಿಂತವನು ನಾನು. ಆಗ ನಿನ್ನ ಕೈಯಿಂದ ಬಂದದ್ದೆಲ್ಲ ಪಂಪಿನ ಅಚ್ಚುಗಳು, ಒಂದಕ್ಕಿಂತ ಒಂದು ಕುರೂಪ.

ಡಿಸೆಂಬರಿನಲ್ಲಿ ನಿನ್ನ ಜಗಲಿಯಲ್ಲಿ ಕೂತು ನಾನು ಹಳೆಯ ಪೈಪು ಎಳೆಯುವಾಗ ಅದು ಗೊಳಗೊಳ ಎಂದದ್ದಕ್ಕೆ, “ನಿನ್ನ ಪೈಪಿಗೆ ಶೀತ ಆಗಿದೆ ಮಾರಾಯ” ಎಂದು ನೀನು ನಕ್ಕಿದ್ದೆ. ನಾನು ದೊಡ್ಡ ಎಂಜಿನಿಯರನ ಹಾಗೆ ನಮ್ಮ ಗ್ಯಾಸ್ ಪ್ಲಾಂಟಿನ ಕ್ರಮ ವಿವರಿಸಿದೆ. ಗ್ಯಾಸು ಹೋಗುವ ದಾರಿಯಲ್ಲಿ ಒಂದು ಹಂಡೆ ಇಡುತ್ತೇವೆ, ಒದ್ದೆಯೆಲ್ಲ ಅದರ ಬುಡಕ್ಕೆ ಬೀಳುತ್ತದೆ, ಒಣ ಗ್ಯಾಸು ಮುಂದೆ ಹೋಗುತ್ತದೆ, ಹದಿನೈದು ವರ್ಷದಿಂದ ಆ ಹಂಡೆಗಳನ್ನು ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು ಎಂದೆ. ನೀನು ಅದನ್ನು ತಮಾಷೆ ಎಂದು ಬಿಡಲಿಲ್ಲ. ಹೊಗೆಯ ದಾರಿಯ ಕೆಳಗೆ ಬೆರಳ ತುದಿಯಷ್ಟು ಗುಂಡಿ ಕೊರೆದು, ನೀರು ಚೆಲ್ಲಲು ಹಿತ್ತಾಳೆಯ ತಿರುಪು ಇಟ್ಟು ಕಳುಹಿಸಿದ್ದೀಯ.

ಇನ್ನು ಪರೀಕ್ಷೆ. ಹಳೆಯ ಪೈಪು ಬೆಳಿಗ್ಗೆ, ನಿನ್ನದು ಸಂಜೆ. ಮೊದಲ ದಿನ ಗೊಳಗೊಳ ಇಲ್ಲವೇ ಇಲ್ಲ. ಎರಡನೇ ದಿನ ಸ್ವಲ್ಪ ಇತ್ತು. ಮೂರನೇ ದಿನ ಹಳೆಯದರಲ್ಲಿಯೂ ಇರಲಿಲ್ಲ, ಹಾಗಾಗಿ ತಲೆ ಕೆಟ್ಟಿತು. ಎ.ಸಿ. ಗಾಳಿಗೆ ಹೊಗೆಸೊಪ್ಪು ಒಣಗಿತೋ ಏನೋ. ರುಚಿ ಚೆನ್ನಾಗಿದೆ. ಪರಿಮಳವೂ ಚೆನ್ನಾಗಿದೆ. ಮೊಹಿದ್ದೀನ್ ಮಾತ್ರ, “ಇಲ್ಲಿನವರು ಶೀಶಾದಲ್ಲಿ ಹೊಗೆಯನ್ನು ನೀರಿಗೆ ಮುಳುಗಿಸಿ ಎಳೀತಾರೆ, ನೀವು ಇದ್ದ ನೀರನ್ನು ತೆಗೀತೀರಿ, ಇದೆಂತ ಕಥೆ?” ಎಂದು ಕೇಳಿದ.

ಊರಿನಿಂದ ಬಂದ ಮೇಲೆ ಜನವರಿಯಲ್ಲಿ ಹತ್ತು ದಿನ ಜೋರು ಜ್ವರ ಇತ್ತು. ಈಗ ಎಲ್ಲ ಸರಿ. ನನ್ನವಳು ರೆಜಿನಾ ನಿನ್ನ ದೇಯಿಯನ್ನು ಕೇಳಿದ್ದಾಳೆ.

ನಿನ್ನ
ಕಾಯೆತಾನ್


ಮಂಗಳೂರು
17 ಏಪ್ರಿಲ್ 1994, ಭಾನುವಾರ

ಕಾಯೆತಾನ್ ಪೊರ್ಬುಗಳ ಸನ್ನಿಧಾನಕ್ಕೆ ನೋಣಯ ಮಾಡುವ ನಮಸ್ಕಾರ.

ಪತ್ರ ಸಿಕ್ಕಿತು. ಮೂರು ಸಲ ಓದಿದೆ. ಗೊಳಗೊಳ ಇಲ್ಲ, ಸ್ವಲ್ಪ ಉಂಟು, ಹಳೆಯದರಲ್ಲಿಯೂ ಇಲ್ಲ. ನೀನು ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಸೌದಿಗೆ ಹೋಗಿ ಕಲಿತದ್ದೋ, ಮೊದಲೇ ಇತ್ತೋ?

ನಾನು ಆತುರಪಡುವುದಕ್ಕೆ ಕಾರಣ ಉಂಟು. ಬಂದರಿನಲ್ಲಿ ಮರದ ಸಾಮಾನು ಹೊರದೇಶಕ್ಕೆ ಕಳುಹಿಸುವ ಅಣ್ಣು ಶೆಟ್ಟರು ನನ್ನ ಪೈಪು ನೋಡಿದರು. ತಿರುಗಿಸಿ ತಿರುಗಿಸಿ ನೋಡಿ, “ಗುಂಡಿ ಇದ್ದರೆ ಸೇದುವುದಕ್ಕೆ ನಿಜವಾಗಿಯೂ ಚೆಂದ ಆಗ್ತದಾ? ಸೇದುವವರೊಬ್ಬರು ಹೌದು ಅಂದರೆ ವರ್ಷವಿಡೀ ಮಾಡಿಕೊಡು, ನಾನು ತಗೊಳ್ತೇನೆ” ಎಂದರು. ಗುಂಡಿ ಇಲ್ಲದ ಪೈಪು ಅವರಿಗೆ ಬೇಡ, ಅದು ಎಲ್ಲ ಕಡೆ ಸಿಗುತ್ತದಂತೆ. ವರ್ಷವಿಡೀ ಮಾಡಬೇಕಾದರೆ ಫೌಂಡ್ರಿ ಬಿಡಬೇಕು. ದೀಪಾವಳಿಯೊಳಗೆ ಹೇಳಬೇಕು. ಇಪ್ಪತ್ತೆಂಟು ವರ್ಷದ ಕೆಲಸ ಬಿಟ್ಟ ಮೇಲೆ ಗುಂಡಿಯಿಂದ ಪ್ರಯೋಜನ ಇಲ್ಲ ಎಂದಾದರೆ ನನ್ನನ್ನು ಯಾರೂ ಮರಳಿ ಕರೆಯುವುದಿಲ್ಲ.

ನಾನೇ ಸೇದಿ ನೋಡುವ ಹಾಗಿಲ್ಲ ಎಂದು ನಿನಗೆ ಗೊತ್ತು. ಅಪ್ಪ ಕೆಮ್ಮಿ ಕೆಮ್ಮಿ ಹೋದ ದಿನ ಅಮ್ಮನ ಕೈ ಮುಟ್ಟಿ ಹೇಳಿದ ಮಾತು ಅದು. ಬೀಡಿಯ ತುದಿಯನ್ನೂ ಬಾಯಿಗೆ ಇಟ್ಟವನಲ್ಲ. ಹಾಗಾಗಿ ನಿನ್ನ ಬಾಯಿಯೇ ನನ್ನ ಬಾಯಿ, ನಿನ್ನ ಮೂಗೇ ನನ್ನ ಮೂಗು. ಒಂದೇ ಪ್ರಶ್ನೆಗೆ ನೇರ ಉತ್ತರ ಬರೆ. ನೀರು ತೆಗೆದರೆ ರುಚಿ, ಪರಿಮಳ ಹೆಚ್ಚುತ್ತದೋ ಇಲ್ಲವೋ?

ಗುಂಡಿಯನ್ನು ದೊಡ್ಡ ಮಾಡಿ ಎರಡನೇ ಪೈಪು ಮಾಡುತ್ತಿದ್ದೇನೆ. ಮೊಹಿದ್ದೀನನ ಹೆಂಡತಿ ಬೀಫಾತುಮ್ಮ ಮೇ ಕೊನೆಗೆ ವಿಸಿಟಿಂಗ್ ವೀಸಾದಲ್ಲಿ ಅಲ್ಲಿಗೆ ಬರುತ್ತಾರಂತೆ. ಅವರ ಕೈಯಲ್ಲಿ ಕಳುಹಿಸುತ್ತೇನೆ.

ನಿನ್ನ ಬೆಂಚಿನ ಪಕ್ಕದವನು
ನೋಣಯ


ಅಲ್ ಖೋಬರ್
10 ಜೂನ್ 1994, ಶುಕ್ರವಾರ

ಪ್ರಿಯ ನೋಣಯ,

ನೇರ ಉತ್ತರ ಕೇಳಿದ್ದೀಯ, ತೆಗೆದುಕೋ. ಎರಡನೇ ಪೈಪು ಬಂದು ಹತ್ತು ದಿನವಾಯಿತು. ಇಷ್ಟು ವರ್ಷದಲ್ಲಿ ನಾನು ಇಂಥ ಪೈಪು ಸೇದಿಲ್ಲ. ಗೊಳಗೊಳ ಸತ್ತೇ ಹೋಗಿದೆ. ನಾಲಿಗೆ ಚುರುಗುಟ್ಟುವುದಿಲ್ಲ. ಪರಿಮಳವಂತೂ ಬೆಲ್ಲ ಕಾಯಿಸುವ ಮನೆಯ ಪಕ್ಕದಲ್ಲಿ ನಡೆದ ಹಾಗೆ. ನೀರು ಹೋದ ಕೂಡಲೇ ಅಡಗಿದ್ದ ಪರಿಮಳವೆಲ್ಲ ಹೊರಗೆ ಬರುತ್ತದೆ. ಶೆಟ್ಟರಿಗೆ ಇದನ್ನು ಹೀಗೆಯೇ ಓದಿ ಹೇಳು. ಧೈರ್ಯವಾಗಿ ಕೆಲಸ ಬಿಡು.

ಇಲ್ಲಿ ಸೆಕೆ ಶುರುವಾಗಿದೆ. ಕಡಲಿನ ಕಡೆಯಿಂದ ಗಾಳಿ ಬಂದರೆ ಕನ್ನಡಕದ ಮೇಲೆ ನೀರು ಕೂರುತ್ತದೆ. ಪ್ಲಾಂಟಿನಲ್ಲಿ ಕೆಲಸ ಜಾಸ್ತಿ. ಹೆಚ್ಚು ಬರೆಯಲು ಪುರುಸೊತ್ತಿಲ್ಲ.

ನಿನ್ನ
ಕಾಯೆತಾನ್

ನೋಣಯಣ್ಣನಿಗೆ ರೆಜಿನಾ ಮಾಡುವ ವಂದನೆಗಳು. ಇವರು ಬಿಟ್ಟ ಜಾಗದಲ್ಲಿ ಎರಡು ಗೆರೆ ಬರೆಯುತ್ತಿದ್ದೇನೆ. ದೇಯಕ್ಕನ ಒಣ ಸಿಗಡಿ ಚೆನ್ನಾಗಿ ತಲುಪಿತು ಎಂದು ಹೇಳಿ. ಬೀಫಾತುಮ್ಮನವರು ಡಬ್ಬಿಯನ್ನು ದಾರಿಯುದ್ದಕ್ಕೂ ಬಿಚ್ಚಲಿಲ್ಲವಂತೆ. ಆದರೂ ಮೊಹಿದ್ದೀನರ ಕಾರಿನಲ್ಲಿ ಇನ್ನೂ ಅದರದ್ದೇ ವಾಸನೆ ಉಂಟಂತೆ.


ಮಂಗಳೂರು
3 ಜುಲೈ 1994, ಭಾನುವಾರ

ಕಾಯೆತಾನ್,

ನಿನ್ನ ಪತ್ರ ಬಂದ ದಿನ ಮನೆಯಲ್ಲಿ ಪಾಯಸ ಮಾಡಿಸಿದೆ. ರಾಜೀನಾಮೆ ಬರೆದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ. ಸಂಜೆ ನಿನ್ನ ಪತ್ರವನ್ನು ದೇಯಿಗೆ ದೊಡ್ಡದಾಗಿ ಓದಿದೆ. ಬೆಲ್ಲದ ಪರಿಮಳ ಎಂದಲ್ಲಿಗೆ ಬಂದಾಗ ಅವಳು ಕೈಯಲ್ಲಿದ್ದ ಸೌಟು ಕೆಳಗೆ ಇಟ್ಟಳು.

“ಬೆಲ್ಲವಾ? ಪೈಪು ಒಡೆಯಬಾರದು ಅಂತ ನಾನದನ್ನು ಸಿಗಡಿಯ ಡಬ್ಬಿಯ ಮಧ್ಯ ಹುಗಿದಿಟ್ಟಿದ್ದೆ. ಬೀಫಾತುಮ್ಮ ಬರುವವರೆಗೆ ಎಂಟು ದಿನ ಅದರಲ್ಲೇ ಇತ್ತು” ಎಂದಳು.

ನಾನು ಅದೇ ಅಳತೆಯ ಎರಡು ಪೈಪು ಮಾಡಿದ್ದೆ. ಎರಡೂ ಅದೇ ಡಬ್ಬಿಯಲ್ಲಿದ್ದವು. ಚೆಂದದ್ದನ್ನು ನಿನಗೆ ಕಳುಹಿಸಿ ಇನ್ನೊಂದನ್ನು ಕಪಾಟಿನ ಮೇಲೆ ಇಟ್ಟಿದ್ದೆವು. ಮರುದಿನವೇ ಬೆಕ್ಕು ಅದನ್ನು ಕಚ್ಚಿಕೊಂಡು ಹೋಗಿ ಬಾವಿಕಟ್ಟೆಯ ಹಿಂದೆ ಕೂತು ನೆಕ್ಕುತ್ತಿತ್ತು. ಆಗ ನಗು ಬಂದಿತ್ತು. ಈಗ ಅದನ್ನು ತಂದು ಮೂಸಿದೆ. ಒಂದು ತಿಂಗಳಾದರೂ ಮೂಗಿನ ಹತ್ತಿರ ಹಿಡಿಯಲು ಆಗುವುದಿಲ್ಲ. ಅದರಲ್ಲಿ ಬೆಂಕಿ ಹಾಕಿ ಎಳೆದವನಿಗೆ ಬೆಲ್ಲದ ಪರಿಮಳ ಬಂತು ಎಂದರೆ ನಾನು ಏನು ತಿಳಿಯಬೇಕು?

ನೀನು ಆ ಪೈಪು ಸೇದಲೇ ಇಲ್ಲ, ನನ್ನನ್ನು ಸಮಾಧಾನ ಮಾಡಲು ಬಾಯಿಗೆ ಬಂದದ್ದನ್ನು ಬರೆದೆ. ಬೇರೆ ಅರ್ಥ ನನಗೆ ಹೊಳೆಯುತ್ತಿಲ್ಲ. ಹೊಗಳಿಕೆ ಬೇಕಿದ್ದರೆ ನಾನು ಶೆಟ್ಟರ ಅಂಗಡಿಯ ಜಗಲಿಯಲ್ಲೇ ಕೂರುತ್ತಿದ್ದೆ. ಎತ್ತು ಈಯಿತು ಎಂದು ನೀನು ಹೇಳಿದೆ, ನಾನು ಕೊಟ್ಟಿಗೆಗೆ ಹಗ್ಗ ಹಿಡಿದು ಓಡಿದೆ. ನನಗೆ ತುಂಬ ಬೇಸರವಾಗಿದೆ.

ನೋಣಯ


ಮಂಗಳೂರು
21 ಆಗಸ್ಟ್ 1994, ಭಾನುವಾರ

ಕಾಯೆತಾನ್,

ಏಳು ವಾರವಾಯಿತು. ಪೋಸ್ಟ್‌ಮ್ಯಾನ್ ಕೊರಗಪ್ಪ ನನ್ನನ್ನು ಕಂಡರೆ ಈಗ ದೂರದಿಂದಲೇ ತಲೆ ಅಲ್ಲಾಡಿಸುತ್ತಾನೆ. ನಾನು ಬರೆದದ್ದು ಖಾರವಾಯಿತೋ? ಆಗಿದ್ದರೆ ಆಗಿದೆ. ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ನೀನು ಮೌನವಾಗಿರುವುದು ನನಗೆ ಸುಳ್ಳಿಗಿಂತಲೂ ಕಷ್ಟ. ಅಣ್ಣು ಶೆಟ್ಟರು ಎರಡು ಸಲ ಹೇಳಿಕಳುಹಿಸಿದರು. ರಾಜೀನಾಮೆ ಇನ್ನೂ ಕಿಸೆಯಲ್ಲೇ ಉಂಟು, ಮಳೆಗೆ ಒಂದು ಮೂಲೆ ಒದ್ದೆಯಾಗಿದೆ.

ಬೈಯುವುದಿದ್ದರೆ ಬೈದು ಬರೆ.

ನೋಣಯ


ಅಲ್ ಖೋಬರ್
9 ಸೆಪ್ಟೆಂಬರ್ 1994, ಶುಕ್ರವಾರ

ಪ್ರಿಯ ನೋಣಯ,

ನಾಲ್ಕು ಪತ್ರ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ ಎಂದು ರೆಜಿನಾಳಿಗೆ ಮಾತು ಕೊಟ್ಟಿದ್ದೇನೆ.

ಪೈಪನ್ನು ನಾನು ಸೇದಿದ್ದು ನಿಜ. ದಿನವೂ ಸೇದಿದೆ. ಸಿಗಡಿಯ ವಾಸನೆ ನನಗೆ ಬರಲಿಲ್ಲ. ರೆಜಿನಾ ಅದು ಅಡುಗೆಮನೆಯಲ್ಲಿಟ್ಟ ಸಿಗಡಿಯದ್ದೇ ಎಂದುಕೊಂಡಿದ್ದಳಂತೆ. ಬೆಲ್ಲದ್ದೂ ಬರಲಿಲ್ಲ. ಜನವರಿಯ ಜ್ವರ ಬಿಟ್ಟ ಮೇಲೆ ನನ್ನ ಮೂಗಿಗೆ ಯಾವುದರ ವಾಸನೆಯೂ ತಿಳಿಯುವುದಿಲ್ಲ. ಚಹಾ ಬರೀ ಬಿಸಿ, ಮೀನು ಸಾರು ಬರೀ ಖಾರ. ವಾರದಲ್ಲಿ ಸರಿಯಾಗುತ್ತದೆ ಎಂದುಕೊಂಡೆ, ಆಮೇಲೆ ತಿಂಗಳಲ್ಲಿ ಎಂದುಕೊಂಡೆ. ಎಂಟು ತಿಂಗಳಾಯಿತು. ನಿನಗೆ ಬರೆದ ಪರಿಮಳವೆಲ್ಲ ಹೊಗೆಸೊಪ್ಪಿನ ಡಬ್ಬಿಯ ಮೇಲೆ ಅಚ್ಚಾದದ್ದು. ಅಲ್ಲಿ ಜೇನು ಎಂದಿತ್ತು, ನಾನು ನಿನಗೆ ಹತ್ತಿರವಾಗಲಿ ಎಂದು ಬೆಲ್ಲ ಮಾಡಿದೆ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಗ್ಯಾಸ್ ಪ್ಲಾಂಟಿನಲ್ಲಿ ಮೀಟರು, ಅಲಾರಂ ಎಲ್ಲ ಉಂಟು. ಆದರೂ ಸಣ್ಣ ಸೋರಿಕೆ ಮೊದಲು ಗೊತ್ತಾಗುವುದು ಮೂಗಿಗೆ. ಮೂಗಿಲ್ಲದವನನ್ನು ಆ ಕೆಲಸದಲ್ಲಿ ಇಡುವುದಿಲ್ಲ. ಕೆಲಸ ಹೋದರೆ ಇಕಾಮಾ ಹೋಯಿತು, ಇಲ್ಲಿರುವ ಕಾಗದವೇ ಹೋಯಿತು. ಹಾಗಾಗಿ ರೆಜಿನಾಳಿಗೂ ಹೇಳಲಿಲ್ಲ. ಅವಳಿಗೇ ಹೇಳದವನು ನಿನಗೆ ಹೇಗೆ ಬರೆಯಲಿ? ಮೂಗಿಲ್ಲ ಎನ್ನಲು ಹೆದರಿಕೆ, ಪೈಪು ಕೆಟ್ಟದು ಎನ್ನಲು ಮನಸ್ಸಿಲ್ಲ. ನಡುವೆ ಸಿಕ್ಕಿ ಬೆಲ್ಲ ಎಂದೆ. ನೀನು ಅದರ ಮೇಲೆ ಕೆಲಸ ಬಿಡುತ್ತೀಯ ಎಂದು ಗೊತ್ತಿದ್ದೂ ಬರೆದೆನಲ್ಲ, ಅದು ನನ್ನನ್ನು ಈಗಲೂ ತಿನ್ನುತ್ತದೆ.

ಹೋದ ತಿಂಗಳು ಒಂದು ಗುರುವಾರ ಮಧ್ಯಾಹ್ನ ರೆಜಿನಾ ಕೆಳಗಿನ ಅಂಗಡಿಗೆ ಹೋಗಿದ್ದಳು. ನಾನು ಅಡುಗೆಮನೆಯ ಪಕ್ಕದ ಕುರ್ಚಿಯಲ್ಲಿ ಕೂತು ನಿನ್ನ ಪೈಪು ತುಂಬಿಸಿದೆ, ಕಡ್ಡಿ ತೆಗೆದೆ. ಬಾಗಿಲು ತೆರೆದ ಅವಳು ಚೀಲ ಅಲ್ಲೇ ಬಿಟ್ಟು ನನ್ನ ಕೈಗೆ ಹೊಡೆದಳು. “ಎಂತ ಮಾಡ್ತಿದ್ದೀರಿ? ಮನೆಯಿಡೀ ಗ್ಯಾಸು ತುಂಬಿದೆ, ನಿಮಗೆ ಗೊತ್ತಾಗುವುದಿಲ್ವಾ?” ಒಲೆಯ ಮೇಲೆ ಹಾಲು ಉಕ್ಕಿ ಬೆಂಕಿ ಆರಿ, ಅರ್ಧ ಗಂಟೆಯಿಂದ ಗ್ಯಾಸು ಬರುತ್ತಿತ್ತು. ಕಿಟಕಿಗಳನ್ನೆಲ್ಲ ತೆರೆದು ಅವಳು ನೆಲದ ಮೇಲೆ ಕೂತು ಅತ್ತಳು. ನಾನು ಆಗ ಹೇಳಿದೆ. ನನ್ನ ಒಟ್ಟಿಗೆ ಪ್ಲಾಂಟಿನಲ್ಲಿ ಮೂವರು ಕೆಲಸ ಮಾಡುತ್ತಾರೆ ನೋಣಯ. ಎಂಟು ತಿಂಗಳು ಅವರೂ ಅದೇ ಕುರ್ಚಿಯ ಪಕ್ಕದಲ್ಲಿದ್ದರು.

ಈಗ ನನಗೆ ನಿಜವಾಗಿ ಗೊತ್ತಿರುವುದನ್ನು ಬರೆಯುತ್ತೇನೆ. ಕಿವಿಗೆ ಗೊತ್ತು, ಗುಂಡಿ ಇದ್ದರೆ ಗೊಳಗೊಳ ಕಡಿಮೆ. ನಾಲಿಗೆಗೆ ಗೊತ್ತು, ಉರಿ ಸ್ವಲ್ಪ ಕಡಿಮೆ. ಆದರೆ ಹಳೆಯ ಪೈಪನ್ನು ನಿಧಾನವಾಗಿ ಎಳೆದರೆ ಅದರಲ್ಲಿಯೂ ಹಾಗೆಯೇ. ತಿರುಪು ಬಿಚ್ಚಿ ನೀರು ಚೆಲ್ಲಲು ಮರೆತ ದಿನ ನಿನ್ನ ಪೈಪು ಹಳೆಯದಕ್ಕಿಂತ ಜೋರಾಗಿ ಗೊಳಗುಟ್ಟುತ್ತದೆ. ಒಂದೊಂದು ಸಲಕ್ಕೆ ಅರ್ಧ ಚಮಚ ನೀರು ಬೀಳುತ್ತದೆ. ರೆಜಿನಾಳನ್ನು ಬಾಗಿಲಿನ ಹೊರಗೆ ನಿಲ್ಲಿಸಿ ಹಳೆಯದನ್ನೂ ನಿನ್ನ ಮೊದಲನೆಯದನ್ನೂ ಸೇದಿದೆ, ಬರೀ ವಾಸನೆಯಿಂದ ಯಾವುದು ಯಾವುದು ಎಂದು ಅವಳಿಗೆ ತಿಳಿಯಲಿಲ್ಲ. ರುಚಿ ಹೆಚ್ಚುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಹದಿನೈದು ವರ್ಷ ನೀರು ತೆಗೆಯುವುದೇ ಒಳ್ಳೆಯದು ಎಂದುಕೊಂಡವನಿಗೆ ಈಗ ಅದೂ ಗೊತ್ತಿಲ್ಲ.

ಕೆಲಸ ಬಿಡಬೇಡ. ನಾಳೆ ಶನಿವಾರ, ವಾರದ ಮೊದಲ ದಿನ. ಫೋರ್‌ಮನ್‌ಗೆ ಹೇಳುತ್ತೇನೆ. ನನಗೆ ಹೆದರಿಕೆಯಾಗಿದೆ.

ಕ್ಷಮೆ ಕೇಳುವ
ಕಾಯೆತಾನ್


ಮಂಗಳೂರು
2 ಅಕ್ಟೋಬರ್ 1994, ಭಾನುವಾರ

ಪ್ರಿಯ ಕಾಯೆತಾನ್,

ಈ ಕಾಗದವನ್ನು ತಿರುಗಿಸಿ ನೋಡು. ಹಿಂಬದಿಯಲ್ಲಿರುವುದು ನನ್ನ ರಾಜೀನಾಮೆ. ಒಳ್ಳೆಯ ಕಾಗದ, ಯಾಕೆ ಹಾಳುಮಾಡುವುದು ಎಂದು ಇದರಲ್ಲೇ ಬರೆಯುತ್ತಿದ್ದೇನೆ.

ಸೇದದವನು ಪೈಪು ಮಾಡಿದ, ಮೂಗಿಲ್ಲದವನು ಪರಿಮಳ ನೋಡಿದ. ಕುರುಡನ ಹೆಗಲ ಮೇಲೆ ಕುಂಟ ಕೂತರೆ ದಾರಿಯಾದರೂ ಸಾಗುತ್ತದೆ. ನಾವಿಬ್ಬರು ಕೂತಲ್ಲೇ ಜಗಳವಾಡಿದೆವು. ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಆ ಬೆಂಕಿಕಡ್ಡಿಯ ವಿಷಯ ಓದಿದ ಮೇಲೆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ದೇಯಿ ದೇವರಿಗೆ ದೀಪ ಇಟ್ಟಳು. ನಿನಗಲ್ಲ, ರೆಜಿನಾಬಾಯಿಯ ಮೂಗಿಗೆ ಎಂದಳು.

ಉತ್ತರ ಸಿಗದೆ ಬಿಡುವವನು ನಾನಲ್ಲ. ಹೋದ ಭಾನುವಾರ ಫೌಂಡ್ರಿಯ, ಗಾಳಿ ಊದುವ ಹಳೆಯ ಕೈತಿದಿಯನ್ನು ಮನೆಗೆ ತಂದೆ. ಗಾಳಿ ಒಳಗೆ ಹೋಗುವ ತೂತಿಗೆ ಪೈಪಿನ ಬಾಯಿ ಸಿಕ್ಕಿಸಿ, ಸುತ್ತಲೂ ಮೇಣ ಮೆತ್ತಿದೆ. ನೀನು ಡಿಸೆಂಬರಿನಲ್ಲಿ ಮರೆತು ಹೋದ ಡಬ್ಬಿಯಿಂದ ಹೊಗೆಸೊಪ್ಪು ತುಂಬಿಸಿ ಕೆಂಡ ಇಟ್ಟೆ. ತಿದಿ ಎಳೆಯಿತು, ಬಿಟ್ಟಿತು, ನಾನು ಎದುರು ಮೂಗು ಒಡ್ಡಿ ಕೂತೆ. ಬಾಯಿ ಮುಟ್ಟಿಸಿಲ್ಲ, ಅಮ್ಮನ ಮಾತು ಉಳಿಯಿತು. “ಇವರಿಗೆ ಮರುಳು” ಎಂದು ದೇಯಿ ಪಕ್ಕದ ಮನೆಯವರನ್ನು ಕರೆದಳು. ಅವರು ಬಂದು ಅವರೂ ಮೂಸಿದರು.

ಗುಂಡಿ ಇರುವುದು, ಇಲ್ಲದ್ದು, ಎರಡು ಹೊಸ ಪೈಪು. ಹೊಗೆಯ ವಾಸನೆ ಎರಡರದ್ದೂ ಒಂದೇ. ಗುಂಡಿಯ ತಿರುಪು ಬಿಚ್ಚಿದರೆ ನಾಲ್ಕು ಹನಿ ನೀರು. ನೀನು ಅರ್ಧ ಚಮಚ ಬೀಳುತ್ತದೆ ಎಂದಿದ್ದೆ. ತಿದಿಗೆ ಎಂಜಲಿಲ್ಲ ಪೊರ್ಬು. ಉಳಿದ ನೀರು ಎಲ್ಲಿಂದ ಬಂತೆಂದು ನಾನು ಹೇಳಬೇಕಾ? ಬಾಯ್ತುಂಬ ಮಾತಾಡುತ್ತ ಸೇದುವವರಿಗೆ ಈ ಪೈಪು ಒಳ್ಳೆಯದು ಎಂದು ಶೆಟ್ಟರಿಗೆ ಹೇಳಿದೆ. ಅವರು ನಕ್ಕು, ಭಾನುವಾರ ಎಷ್ಟು ಆಗುತ್ತದೋ ಅಷ್ಟು ಮಾಡಿ ಕೊಡು ಎಂದರು. ಫೌಂಡ್ರಿ ಬಿಡುವುದಿಲ್ಲ.

ಇನ್ನೊಂದು ಬರೆಯಬೇಕು. ಇಷ್ಟು ದಿನ ನಿನ್ನ ಮೂಗೇ ನನ್ನ ಮೂಗು ಎಂದೆ. ಇನ್ನು ಮೇಲೆ ತಿರುಗಾಮುರುಗ. ಹೊಗೆ ಹೇಗಿತ್ತು ಎಂದು ಹೇಳುತ್ತೇನೆ, ಕೇಳು. ಮೊದಲು ಒದ್ದೆ ಗೋಣಿಯ ವಾಸನೆ. ಅದು ಹೋದ ಮೇಲೆ ಬಂದದ್ದನ್ನು ಎಲ್ಲೋ ಕಂಡ ಹಾಗಾಯಿತು. ನಾವು ಬೆಳಿಗ್ಗೆ ಅಚ್ಚಿನ ಮರಳಿಗೆ ಕಾಕಂಬಿ ಕಲಸುತ್ತಿದ್ದೆವಲ್ಲ, ಎರಕ ಹೊಯ್ಯುವಾಗ ಆ ಕಾಕಂಬಿ ಸುಟ್ಟು ಬೆಂಚಿನವರೆಗೆ ಬರುತ್ತಿದ್ದ ವಾಸನೆ, ಅದೇ. ಕಾಕಂಬಿ ಎಂದರೆ ಬೆಲ್ಲದ ತಮ್ಮ. ನೀನು ಹೇಳಿದ ಸುಳ್ಳು ಅರ್ಧ ಸರಿಯಿತ್ತು ಮಾರಾಯ.

ಫೋರ್‌ಮನ್ ಏನೆಂದ? ಅದನ್ನು ಮೊದಲು ಬರೆ.

ನಿನ್ನ ಮೂಗು
ನೋಣಯ


ಅಲ್ ಖೋಬರ್
28 ಅಕ್ಟೋಬರ್ 1994, ಶುಕ್ರವಾರ

ಪ್ರಿಯ ನೋಣಯ,

ಫೋರ್‌ಮನ್ ಹಾಜರಿ ಪುಸ್ತಕ ತೆಗೆದು ನನ್ನ ಜ್ವರದ ದಿನಗಳನ್ನು ನೋಡಿದ. ಆಮೇಲೆ, ಇದನ್ನು ಜನವರಿಯಲ್ಲೇ ಹೇಳಬೇಕಿತ್ತು ಎಂದ. ಹೌದು ಎಂದೆ. ಅದೇ ದಿನ ನನ್ನನ್ನು ಹಂಡೆಗಳ ಕಡೆಯಿಂದ ತೆಗೆದು ಸ್ಟೋರಿಗೆ ಹಾಕಿದರು. ಸ್ಪ್ಯಾನರ್ ಕೊಡುವುದು, ಬರೆದುಕೊಳ್ಳುವುದು, ವಾಪಸು ತೆಗೆದುಕೊಳ್ಳುವುದು. ಡಿಸೆಂಬರಿನಲ್ಲಿ ಡಾಕ್ಟರು ನೋಡುತ್ತಾರೆ. ಅವರು ಬರೆದ ಹಾಗೆ ಇಲ್ಲಿರುವುದೋ ಊರಿಗೆ ಬರುವುದೋ ಗೊತ್ತಾಗುತ್ತದೆ. ಆ ಮೂವರಲ್ಲಿ ಒಬ್ಬ ನನ್ನೊಟ್ಟಿಗೆ ಮಾತು ಬಿಟ್ಟಿದ್ದಾನೆ. ಅವನದ್ದು ತಪ್ಪಲ್ಲ. ಆದರೂ ನನಗೆ ಈಗ ಒಳ್ಳೆಯ ನಿದ್ದೆ ಬರುತ್ತದೆ.

ಬೆಂಕಿಪೊಟ್ಟಣ ಈಗ ರೆಜಿನಾಳ ವಶ. ನಾನು ಪೈಪು ತುಂಬಿಸಿ ಕಾಯುತ್ತೇನೆ. ಅವಳು ಅಡುಗೆಮನೆಗೆ ಹೋಗಿ ಮೂಸಿ ಬಂದು, “ಹೂಂ, ಹೊತ್ತಿಸಿ” ಎಂದ ಮೇಲೆಯೇ ಕಡ್ಡಿ ಸಿಗುತ್ತದೆ.

ನಿನ್ನೆ ಸಂಜೆ ಹಾಗೆಯೇ ಎರಡನೇ ಪೈಪು ಹೊತ್ತಿಸಿ, ನಿನ್ನ ಪತ್ರವನ್ನು ಇನ್ನೊಮ್ಮೆ ತೆಗೆದು ಓದಿದೆ. ಬಾಯಿ ಮುಚ್ಚಿಕೊಂಡು ನಿಧಾನವಾಗಿ ಎಳೆದೆ, ಎಂಜಲಿನ ಅಪವಾದ ಬೇಡವೆಂದು. ಒದ್ದೆ ಗೋಣಿಯ ಸಾಲು ದಾಟಿ ಕಾಕಂಬಿಯ ಸಾಲಿಗೆ ಬಂದೆ. ಆಗ ಬಂತು ನೋಣಯ. ಸುಟ್ಟ ಮರಳು, ಕಾಕಂಬಿ, ಬೆಂಚಿನ ಎಣ್ಣೆ, ನೀನು ತಲೆಗೆ ಕಟ್ಟುತ್ತಿದ್ದ ಬೈರಾಸಿನ ಬೆವರು ಸಹ. ಒಂದೇ ಕ್ಷಣ. ಕಣ್ಣಲ್ಲಿ ನೀರು ಬಂತು.

ರೆಜಿನಾಳನ್ನು ಕೂಗಿ, “ಬಾ ಇಲ್ಲಿ, ಇದು ಕಾಕಂಬಿ ಸುಟ್ಟ ವಾಸನೆ ಅಲ್ವಾ?” ಎಂದು ಕೇಳಿದೆ. ಅವಳು ಬಗ್ಗಿ ಪೈಪನ್ನೂ ಮೂಸಿದಳು, ಹೊಗೆಯನ್ನೂ ಮೂಸಿದಳು. “ಅಲ್ಲ. ಸಿಗಡಿಯದ್ದೇ. ಐದು ತಿಂಗಳಾದರೂ ಹೋಗಿಲ್ಲ” ಎಂದಳು.

ಅವಳ ಮೂಗು ಸುಳ್ಳು ಹೇಳುವುದಿಲ್ಲ, ಅದು ನನ್ನನ್ನು ಉಳಿಸಿದ ಮೂಗು. ಹಾಗಾದರೆ ನನಗೆ ಬಂದದ್ದು ಯಾವುದು ಮಾರಾಯ? ನಿನಗೆ ಗೊತ್ತಿದ್ದರೆ ಬರೆ.

ನಿನ್ನ
ಕಾಯೆತಾನ್